ಈ ರಕ್ತ ಹೊರಗೆ ಕೂರುವ ರಕ್ತವಲ್ಲ

ಹುತ್ತರಿಯ ಹಿಂದಿನ ದಿನ, ಬೆಳಿಗ್ಗೆ ಆರು ಗಂಟೆ. ಗಾಳಿಬೀಡಿನ ನಮ್ಮ ಮನೆಯ ಬಚ್ಚಲು. ಒಳಗೆ ನಾನೊಬ್ಬಳು. ಬಾಗಿಲಾಚೆ ಹಂಡೆಯ ಒಲೆಗೆ ಸೌದೆ ಒಟ್ಟುತ್ತಿದ್ದವಳು ನನ್ನ ತಮ್ಮನ ಹೆಂಡತಿ ದೇವಕಿ.

ಬಟ್ಟೆಯಲ್ಲಿ ರಕ್ತ ಕಂಡಿತು.

ನನಗೆ ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದವು. ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದು ನಿವೃತ್ತಳಾದವಳು ನಾನು. ಗಂಡ ಪಲ್ಟನ್ನಿನಲ್ಲಿದ್ದವರು, ಅವರು ತೀರಿಕೊಂಡ ಮೇಲೆ ತಮ್ಮ ಕುಶಾಲಪ್ಪನ ಮನೆಯೇ ನನ್ನ ಮನೆ. ಬೆಳಕು ಹರಿಯುವ ಮುಂಚೆ ಏಳುವುದು, ಬೆನ್ನು ನೆಟ್ಟಗಿಟ್ಟು ನಡೆಯುವುದು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುವುದು. ಹೀಗೆ ಬದುಕಿದವಳಿಗೆ ದೇಹವೂ ಹೇಳಿದ ಮಾತು ಕೇಳುತ್ತದೆ ಎಂಬ ಧೈರ್ಯ ಬಂದುಬಿಟ್ಟಿರುತ್ತದೆ. ಆ ಬೆಳಿಗ್ಗೆ ಅದು ಸಾಲು ಬಿಟ್ಟು ಹೊರಗೆ ಹೆಜ್ಜೆಯಿಟ್ಟಿತ್ತು.

ನಾನು ಬಟ್ಟೆ ಒಗೆಯುತ್ತಿದ್ದಾಗ ಅದು ದೇವಕಿಯ ಕಣ್ಣಿಗೆ ಬಿತ್ತು. ಮನೆಯಲ್ಲಿ ನಾವಾಡುವುದು ಅರೆಭಾಷೆ. ಓದುವವರಿಗೆ ತಿಳಿಯುವಷ್ಟನ್ನು ಮಾತ್ರ ಇಲ್ಲಿ ಉಳಿಸಿದ್ದೇನೆ.

"ಅತ್ತಿಗೆ, ಇದೆಂತ?"

"ರಕ್ತ."

"ಅಯ್ಯೋ, ಈ ಪ್ರಾಯದಲ್ಲಾ? ಹಬ್ಬ ನಾಳೆ ಉಂಟಲ್ಲ! ಹಾಗಾದ್ರೆ ನೀವು ಒಳಗೆ ಬರುವ ಹಾಗಿಲ್ಲೆ. ತಂಬಿಟ್ಟು ನಾನೇ ಕಲಸ್ತೇನೆ."

"ದೇವಕಿ, ಇದು ಮುಟ್ಟಲ್ಲ. ರೋಗ."

"ರೋಗವೋ ಎಂತದೋ, ಬರುದು ಅಲ್ಲಿಂದಲೇ ಅಲ್ಲ?"

ಕುಶಾಲಪ್ಪನಿಗೆ ಈ ಮಾತಿನ ನಡುವೆ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. "ಹಬ್ಬ ಒಂದು ಕಳೀಲಿ ಅಕ್ಕ" ಎಂದು ಅಂಗಳ ನೋಡುತ್ತ ಹೇಳಿದ. ಅವನ ಮುಖ ನೋಡಿ ಒಪ್ಪಿದೆ. ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿದರು. ಹುತ್ತರಿಗೆ ಬಾಳೆಹಣ್ಣು ಕಿವುಚಿ ತಂಬಿಟ್ಟು ಕಲಸುವುದು ಆ ಮನೆಯಲ್ಲಿ ನನ್ನ ಕೆಲಸ. ಈ ಸಲ ಅದರ ಪರಿಮಳ ಮಾತ್ರ ನನ್ನವರೆಗೆ ಬಂತು. ಗದ್ದೆಯಿಂದ ಹೊಸ ಕದಿರು ಒಳಗೆ ಹೋಯಿತು. ನಾನು ಹೊರಗಿದ್ದೆ.

ಹದಿನಾಲ್ಕು ವರ್ಷದ ಹುಡುಗಿಯಾಗಿ ಹಾಗೆ ಕೂತಾಗ ನಾಚಿಕೆಯಾಗಿತ್ತು. ಈಗ ಆದದ್ದು ಸಿಟ್ಟು. ಮುಟ್ಟಾದರೆ ನಾಲ್ಕನೆಯ ದಿನ ತಲೆಗೆ ನೀರು ಹಾಕಿ ಒಳಗೆ ಬರಬಹುದು. ಇದು ಎಷ್ಟನೆಯ ದಿನಕ್ಕೆ ಮುಗಿಯುತ್ತದೆ? ಮುಗಿಯುತ್ತದೆಯೇ? ನಮ್ಮ ಕಡೆಯ ಎಷ್ಟು ಹೆಂಗಸರು ಹೀಗೆ ಮೂಲೆಯಲ್ಲಿ ಕೂತೇ ಸೊರಗಿ ಹೋದರು, ಎಷ್ಟು ಮನೆಗಳಲ್ಲಿ "ಅವಳಿಗೆ ಹೊಟ್ಟೆಯೊಳಗೆ ಎಂತದೋ ಆಗಿತ್ತು" ಎಂಬ ಒಂದೇ ಮಾತಿನಲ್ಲಿ ಅವರ ಕಥೆ ಮುಗಿಯಿತು ಎಂದು ಆಲೋಚಿಸುತ್ತ ಕೂತಿದ್ದೆ. ನನ್ನ ಕಥೆ ಹಾಗೆ ಮುಗಿಯಕೂಡದು.

ಹಬ್ಬ ಕಳೆದ ಮಾರನೆಯ ದಿನ ಮಡಿಕೇರಿಯ ಬಸ್ಸು ಹತ್ತಿದೆ.

ಆಸ್ಪತ್ರೆಯ ಲೇಡಿ ಡಾಕ್ಟರ್ ಚಿಕ್ಕ ಪ್ರಾಯದವರು. ಕೊಡಗು ಮೈಸೂರಿಗೆ ಸೇರಿದ ಮೇಲೆ ಆ ಕಡೆಯಿಂದ ವರ್ಗವಾಗಿ ಬಂದವರಲ್ಲಿ ಒಬ್ಬರು. ಮಲಗಿಸಿ, ಲೈಟು ಹಿಡಿದು ನೋಡಿದರು. ಗರ್ಭಕೋಶದ ಬಾಯಿಯಲ್ಲಿ ಕೆಂಪಗೆ ಹುಣ್ಣಿನಂತೆ ಕಾಣುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ ಎಂದರು. ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಸವರಿ, ಅಂಟಿದ್ದನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಬಳಿದು ಸ್ಪಿರಿಟ್ಟಿನ ಜಾಡಿಗೆ ಹಾಕಿದರು. ಇದಕ್ಕೆ ಸ್ಮಿಯರ್ ಎನ್ನುತ್ತಾರೆ. ಮೈಸೂರಿಗೆ ಹೋಗುತ್ತದೆ, ಅಲ್ಲಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ.

"ಕ್ಯಾನ್ಸರ್ ಇರಬಹುದೇ?" ಎಂದು ಕೇಳಿದೆ.

ನೇರವಾಗಿ ಕೇಳಿದ್ದಕ್ಕೆ ಅವರಿಗೆ ಆಶ್ಚರ್ಯವಾಯಿತೆಂದು ತೋರುತ್ತದೆ. "ಇರಬಹುದು, ಇಲ್ಲದೇನೂ ಇರಬಹುದು. ನೋಡ್ದೆ ಹೇಳಲ್ಲ" ಎಂದರು.

ಉತ್ತರ ಬಂದಾಗ ಕುಶಾಲಪ್ಪನೇ ಆಸ್ಪತ್ರೆಗೆ ಹೋಗಿದ್ದ. ನಗುತ್ತ ಬಂದ.

"ಅಕ್ಕ, ಎಂತದೂ ಇಲ್ಲೆ! ಮೈಸೂರಿನವರು ನೋಡಿದರಂತೆ, ಅದರಲ್ಲಿ ಎಂತದೂ ಸಿಕ್ಕಲಿಲ್ಲವಂತೆ."

ದೇವಕಿ ಕೈ ಮುಗಿದಳು. ಭಟ್ಟರಿಂದ ಪುಣ್ಯಾಹದ ನೀರು ತರಿಸಿ, ಚಿಮುಕಿಸಿ, ನನ್ನನ್ನು ಒಳಗೆ ಕರೆದುಕೊಳ್ಳುವುದೆಂದು ಗಂಡಹೆಂಡಿರಲ್ಲಿ ಆಗಲೇ ಮಾತಾಯಿತು. ಒಂದು "ಹೂಂ" ಎಂದಿದ್ದರೆ ಸಾಕಿತ್ತು. ಅಡುಗೆಮನೆ ನನ್ನದಾಗುತ್ತಿತ್ತು, ಮನೆ ಶಾಂತವಾಗುತ್ತಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು.

"ಸಿಕ್ಕಲಿಲ್ಲ ಅಂದರೆ ಎಂತ ಸಿಕ್ಕಲಿಲ್ಲ?" ಎಂದೆ.

"ಅದೇ ಅಕ್ಕ... ರೋಗ."

"ಹಾಗಂತ ಡಾಕ್ಟರ್ ಹೇಳಿದರಾ?"

"ನೀವೊಮ್ಮೆ ಬರಬೇಕಂತೆ" ಎಂದು ಸಣ್ಣ ದನಿಯಲ್ಲಿ ಹೇಳಿದ.

ಹೋದೆ. ಸ್ಲೈಡಿನಲ್ಲಿ ರೋಗ ಸಿಕ್ಕಿಲ್ಲವೆಂದಲ್ಲ, ನೋಡಲು ಬೇಕಾದಷ್ಟು ಜೀವಕೋಶಗಳೇ ಸಿಕ್ಕಿರಲಿಲ್ಲ.

"ಟೀಚರಮ್ಮ, ಅವತ್ತು ಬರೋ ಮುಂಚೆ ಏನಾದ್ರೂ ಹಾಕಿ ತೊಳ್ಕೊಂಡಿದ್ರಾ?"

ತೊಳೆದುಕೊಂಡಿದ್ದೆ! ಪೊಟ್ಯಾಸಿಯಂ ಪರ್ಮಾಂಗನೇಟ್ ಕದಡಿದ ಬಿಸಿನೀರಿನಲ್ಲಿ, ಒಂದು ಸಲ ಸಾಲದೆಂದು ಎರಡು ಸಲ, ಒಳಗೂ ಹೊರಗೂ. ಶಾಲೆಗೆ ಡಾಕ್ಟರು ತಪಾಸಣೆಗೆ ಬರುವ ದಿನ ಪ್ರತಿ ಹುಡುಗಿಯ ಉಗುರು, ಕಿವಿ, ಕತ್ತು ನೋಡಿಯೇ ಸಾಲಿಗೆ ಬಿಡುತ್ತಿದ್ದವಳು ನಾನು. ಡಾಕ್ಟರ ಮುಂದೆ ಕೊಳಕಾಗಿ ಹೋಗುವುದೇ?

ಅವರು ಗಟ್ಟಿಯಾಗಿ ನಕ್ಕರು. "ಸಾಕ್ಷಿ ಹೇಳೋರನ್ನೆಲ್ಲ ಓಡಿಸಿಬಿಟ್ಟು ಕೇಸ್ ನಡೆಸಿ ಅಂದ್ರೆ ಹೇಗೆ ಟೀಚರಮ್ಮ?"

ನನಗೂ ನಗು ಬಂತು. ಓದುವ ಹೆಂಗಸರು ಇದೊಂದನ್ನು ನೆನಪಿಡಿ. ಈ ಪರೀಕ್ಷೆಗೆ ಹೋಗುವಾಗ ಒಳಗೆ ತೊಳೆದುಕೊಂಡು ಹೋಗಬೇಡಿ, ಔಷಧಿ ನೀರಂತೂ ಬೇಡವೇ ಬೇಡ. ನಮ್ಮ ಮಡಿ ಅಲ್ಲಿ ನಮಗೇ ಅಡ್ಡ ಬರುತ್ತದೆ.

ಮನೆಗೆ ಬಂದು ತಮ್ಮನಿಗೆ ಹೇಳಿದೆ: "ಹಾಜರಿ ಕೂಗಿದಾಗ ಯಾರೂ ಓಗೊಡದಿದ್ದರೆ ಎಲ್ಲರೂ ಕ್ಷೇಮ ಎಂದು ಬರೆಯುವುದಿಲ್ಲ ಕುಶಾಲ. ಪುಣ್ಯಾಹ ಬೇಡ. ಇನ್ನೊಮ್ಮೆ ಪರೀಕ್ಷೆಯಾಗಬೇಕು."

ದೇವಕಿ ಸಿಟ್ಟಾದಳು. "ಇಲ್ಲದ ರೋಗವನ್ನು ಹುಡುಕಿಕೊಂಡು ಹೋಗುವವರೆಂದು ಇವರನ್ನೇ ಕಂಡದ್ದು. ಯಾರ್ಯಾರ ಮುಂದೆಯೋ ಮಲಗಿಕೊಂಡು..."

"ಯಾರ್ಯಾರ ಮುಂದೆ ಅಲ್ಲ. ಡಾಕ್ಟರ ಮುಂದೆ."

ಎರಡನೆಯ ಸ್ಮಿಯರ್‌ಗೆ ಏನೂ ತೊಳೆಯದೆ ಹೋದೆ. ಬಸ್ಸಿನಲ್ಲಿ ಕೂತವರಿಗೆಲ್ಲ ನನ್ನ ಮೈಯ ವಾಸನೆ ಬರುತ್ತಿದೆ ಎನ್ನಿಸಿತು. ರೋಗಕ್ಕಿಂತ ಅದನ್ನು ಸಹಿಸುವುದೇ ನನಗೆ ಕಷ್ಟವಾಯಿತು. ಸಹಿಸಿದೆ.

ಈ ಸಲ ಜೀವಕೋಶಗಳು ಸಿಕ್ಕವು. ಮೂರನೆಯ ಕ್ಲಾಸ್ ಎಂದು ಬಂತು.

"ಪಾಸೋ ಫೇಲೋ?" ಎಂದೆ.

"ಎರಡೂ ಅಲ್ಲ. ಒಂದನೇ ಕ್ಲಾಸ್ ಅಂದ್ರೆ ಆರೋಗ್ಯ, ಐದು ಅಂದ್ರೆ ಕ್ಯಾನ್ಸರ್. ನಿಮ್ಮದು ಮಧ್ಯದಲ್ಲಿದೆ. ಕೆಲವು ಜೀವಕೋಶ ರೂಪ ಬದಲಾಯಿಸಿವೆ. ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸ್ಬೇಕು."

ಕತ್ತರಿಸಿದರು. ಹೊಟ್ಟೆಯಡಿ ಯಾರೋ ಹಿಂಡಿದಂತಾಯಿತು. ಮತ್ತೆ ಕಾಯುವ ಕೆಲಸ. ಕಾಯುವುದು ನನಗೆ ಬಾರದ ಕೆಲಸ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ, ಏಲಕ್ಕಿ ಬಿಡಿಸಿದೆ, ಜಗಲಿಯಲ್ಲೇ ಉಂಡೆ. ಬೆನ್ನು ಮಾತ್ರ ಬಾಗಿಸಲಿಲ್ಲ. ಸಾಯುವುದಾದರೆ ಯಾವುದರಿಂದ ಸಾಯುತ್ತೇನೆಂದು ತಿಳಿದು ಸಾಯುತ್ತೇನೆ, ಅಷ್ಟು ಹಕ್ಕು ನನಗಿದೆ ಎಂದು ದಿನವೂ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇರಲಿಲ್ಲವೆಂದಲ್ಲ. ಅದಕ್ಕೆ ಕೂರಲು ಜಾಗ ಕೊಡಲಿಲ್ಲ.

ಇವತ್ತು ಬೆಳಿಗ್ಗೆ ಉತ್ತರ ಬಂತು. ಡಾಕ್ಟರ ಕೋಣೆಯಲ್ಲಿ ಅವರು, ನಾನು, ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದ ಕುಶಾಲಪ್ಪ.

"ಕ್ಯಾನ್ಸರ್ ಅಲ್ಲ."

ಮೇಜಿನ ಅಂಚು ಹಿಡಿದುಕೊಂಡೆ.

"ಆದ್ರೆ ಬಿಟ್ಟುಬಿಡೋ ಹಾಗೂ ಇಲ್ಲ" ಎಂದು ಅವರು ಮುಂದುವರಿಸಿದರು. "ಬದಲಾದ ಜೀವಕೋಶಗಳಿವೆ. ಕೆಲವರಿಗೆ ತಾವಾಗಿ ಸರಿಹೋಗುತ್ತೆ, ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತೆ. ಇನ್ನೊಂದು ವಿಷಯ ಬರೆದಿದ್ದಾರೆ. ಅವುಗಳ ಸುತ್ತ ಬಿಳಿ ರಕ್ತಕಣಗಳು ತುಂಬಾ ಸೇರಿವೆಯಂತೆ."

"ಅವು ಯಾತಕ್ಕೆ?"

"ದೇಹದ ಕಾವಲಿನವು. ಏನಾದ್ರೂ ಕೆಟ್ಟದ್ದು ಕಂಡ್ರೆ ಓಡಿಬರುತ್ವೆ."

"ಗೆಲ್ಲುತ್ತಿವೆಯೋ ಸೋಲುತ್ತಿವೆಯೋ?"

ಅವರು ಹೇಳಿದರು: "ಅದನ್ನ ಹೇಳೋ ಪರೀಕ್ಷೆ ಇಲ್ಲ ಟೀಚರಮ್ಮ. ಗುಂಪು ಸೇರಿರೋದು ಕಾಣುತ್ತೆ. ಅದು ಏನ್ ಮಾಡ್ತಿದೆ ಅಂತ ಕಾಣಲ್ಲ. ಯಾರಿಗೆ ವಾಸಿಯಾಗುತ್ತೆ, ಯಾರಿಗೆ ಹೆಚ್ಚಾಗುತ್ತೆ ಅಂತ ಆ ಕಣಗಳನ್ನೇ ಕೇಳೋ ದಾರಿ ಯಾರೂ ಇನ್ನೂ ಕಂಡುಹಿಡಿದಿಲ್ಲ."

"ಕಂಡುಹಿಡಿಯಲಿ. ಅಲ್ಲಿಯವರೆಗೆ?"

"ಅಲ್ಲಿಯವರೆಗೆ ನೀವು ಮೂರು ತಿಂಗಳಿಗೊಮ್ಮೆ ಬರ್ಬೇಕು."

"ಬರುತ್ತೇನೆ."

ವಾಪಸು ಬರುವಾಗ ಬಸ್ಸಿನ ಕಿಟಕಿಯ ಬಳಿ ಕೂತು ಆ ಬಿಳಿಯ ಕಣಗಳನ್ನೇ ನೆನೆದೆ. ಮನೆಯವರು ನನ್ನನ್ನು ಜಗಲಿಗೆ ಕಳಿಸಿದ ದಿನಗಳಲ್ಲಿ, ನನ್ನೊಳಗೆ ಯಾರೂ ಆಜ್ಞೆ ಕೊಡದೆಯೇ ಅವು ಓಡಿಬಂದು ಹುಣ್ಣಿನ ಸುತ್ತ ನಿಂತಿದ್ದವು. ಅವುಗಳಿಗೆ ಮೈಲಿಗೆ ಗೊತ್ತಿಲ್ಲ. ಕೆಟ್ಟ ಜಾಗಕ್ಕೇ ಹೋಗುವುದು ಅವುಗಳ ಕೆಲಸ. ಅವು ಸೋಲಲೂಬಹುದು. ಆದರೆ ಮೊದಲು ನಿಂತವು. ಅವುಗಳಿಗೂ ಆ ಚಿಕ್ಕ ಪ್ರಾಯದ ಡಾಕ್ಟರಿಗೂ ನಾನು ಋಣಿ.

ಮನೆಗೆ ಬಂದವಳು ಕಾಲು ತೊಳೆದು ನೇರ ಅಡುಗೆಮನೆಗೆ ಹೋದೆ. ದೇವಕಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಕ್ಯಾನ್ಸರ್ ಅಲ್ಲ" ಎಂದೆ. "ಆದರೆ ಹುಣ್ಣು ಉಂಟು. ಮುಂದೆ ಏನಾಗುವುದೋ ಗೊತ್ತಿಲ್ಲ. ಇನ್ನೂ ರಕ್ತ ಕಾಣಬಹುದು. ಕಂಡರೂ ನಾನು ಹೊರಗೆ ಕೂರುವುದಿಲ್ಲ."

ಅವಳ ಕಣ್ಣು ತುಂಬಿತು. ಸಿಟ್ಟೋ ಸಮಾಧಾನವೋ ಅವಳಿಗೂ ತಿಳಿದಿರಲಿಕ್ಕಿಲ್ಲ.

"ದೇವರಿಗೆ ಎಂತ ಹೇಳುದು ಅತ್ತಿಗೆ?"

"ನಾನೇ ಹೇಳುತ್ತೇನೆ."

"ಹೇಳುವಿರಿ, ಹೇಳುವಿರಿ. ದೇವರನ್ನೂ ಸಾಲಿನಲ್ಲಿ ನಿಲ್ಲಿಸುವವರು ನೀವು" ಎಂದು ಮೂಗು ಒರೆಸಿಕೊಂಡಳು. ಆಮೇಲೆ ಮೊರದಲ್ಲಿದ್ದ ಅರ್ಧ ಅಕ್ಕಿಯನ್ನು ನನ್ನ ಕಡೆ ಸರಿಸಿದಳು. ಇಬ್ಬರೂ ಕೂತು ಆರಿಸಿದೆವು.

ಊಟವಾದ ಮೇಲೆ ಬಯಾಪ್ಸಿಯ ದಿನದಿಂದ ಉಪಯೋಗಿಸಿದ ಬಟ್ಟೆಗಳನ್ನೆಲ್ಲ ಕುದಿಸಿ ಒಗೆದೆ. ಇಂಥ ಬಟ್ಟೆಯನ್ನು ಹೆಂಗಸರು ಕೊಟ್ಟಿಗೆಯ ಹಿಂದೆ, ಹಳೆ ಸೀರೆಯ ಅಡಿಯಲ್ಲಿ, ಬಿಸಿಲು ಕಾಣದ ಕಡೆ ಒಣಗಿಸುತ್ತಾರೆ. ನಾನು ಮುಂದಿನ ಅಂಗಳದ ತಂತಿಗೆ ಹಾಕಿದೆ. ಬಿಸಿಲು ಚೆನ್ನಾಗಿತ್ತು.

ದೇವಕಿ ಬಾಗಿಲಿಗೆ ಬಂದು ನಿಂತಳು. "ಅತ್ತಿಗೆ, ರಸ್ತೆಗೆ ಕಾಣ್ತದೆ."

"ಕಾಣಲಿ."

ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಮರದ ಕ್ಲಿಪ್ಪುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬಂದಳು.

"ಈ ಗಾಳಿಗೆ ಹಾರಿ ಗೇಟಿನಾಚೆ ಬಿದ್ದರೆ ನಾನಂತೂ ಹೆಕ್ಕುದಿಲ್ಲ, ಹೇಳಿದ್ದೇನೆ" ಎಂದು ಒಂದೊಂದೇ ನನ್ನ ಕೈಗೆ ಕೊಟ್ಟಳು.

ಕೊನೆಯ ಬಟ್ಟೆಗೆ ಕ್ಲಿಪ್ಪು ಹಾಕಿದೆ.