ತೂಕದಕ್ಕನ ಜಿಗುಟು ಕೀಲಿ

ಕಾರ್ಖಾನೆಯವರು ಆಕೆಗೆ ಇನ್ನೂ ನಾಲ್ಕು ಬೆರಳು ಬಾಕಿ ಉಳಿಸಿಕೊಂಡಿದ್ದಾರೆ. ಚೀಲ ಹೊಲಿಯುವ ಯಂತ್ರಕ್ಕೆ ಕೈ ಸಿಗದ ಹಾಗೆ ಅಡ್ಡತಟ್ಟೆ ಹಾಕಿಸಿ ಎಂದು ನಾವೆಲ್ಲ ಗೇಟಿನ ಮುಂದೆ ಕೂಗಿ ಗಂಟಲು ಕಟ್ಟಿಸಿಕೊಂಡ ವರ್ಷವೇ ಆ ಯಂತ್ರ ಆಕೆಯ ಬಲಗೈಯನ್ನು ಒಳಗೆ ಎಳೆದುಕೊಂಡಿತು. ಹೆಬ್ಬೆರಳೊಂದು ಉಳಿಯಿತು, ಅದೂ ಮರಗಟ್ಟಿಹೋಯಿತು. ಬೆರಳು ವಾಪಸು ಕೊಡುವುದು ಯಾವ ಮಾಲೀಕನ ಕೈಯಲ್ಲೂ ಆಗದ ಮಾತು, ಗೊತ್ತು. ಆದರೂ ಬಾಕಿ ಬಾಕಿಯೇ. ಮನೆಗೆ ಹೋಗಿ ಸುಮ್ಮನಿರಮ್ಮ ಎಂದವರ ಬಾಯಿ ಮುಚ್ಚಿಸಿ, ಹಟ ಹಿಡಿದು ಆಕೆ ಗಿಟ್ಟಿಸಿಕೊಂಡದ್ದು ಗೇಟಿನ ಪಕ್ಕದ ತೂಕದ ಕೋಣೆಯ ಕುರ್ಚಿ.

ಲಾರಿಯವರಿಗೆಲ್ಲ ಆಕೆ ತೂಕದಕ್ಕ. ಲಾರಿ ಬಂದು ವೇಬ್ರಿಡ್ಜಿನ ಮೇಲೆ ನಿಂತರೆ ಕಿಟಕಿಯೊಳಗೆ ಅಕ್ಕ ಗಾಡಿ ನಂಬರು ಹೊಡೆದು, ತೂಕ ಹಿಡಿದು, ಚೀಟಿ ಮುದ್ರಿಸಿ ಹೊರಗೆ ಚಾಚುತ್ತಾಳೆ. ಚೀಟಿಯ ಜೊತೆ ಒಂದು ಮಾತೂ ಬರುತ್ತದೆ. "ಲೋಡಿಗಿಂತ ನಿನ್ನ ಹೊಟ್ಟೆನೇ ಜಾಸ್ತಿ ತೂಗ್ತಿದೆ, ಕೆಳಗಿಳಿದು ನಿಲ್ಲಪ್ಪ!" ಬೈಸಿಕೊಳ್ಳಲೆಂದೇ ಕೆಲವರು ಕ್ಯಾಬಿನ್ ಬಿಟ್ಟು ಇಳಿಯುವುದೇ ಇಲ್ಲ.

ಒಂದೇ ಕೈಯಲ್ಲಿ ಅಷ್ಟು ಚುರುಕು ಬಂದದ್ದು ಸುಮ್ಮನೆ ಅಲ್ಲ. ಚೀಟಿಯ ಪ್ರೋಗ್ರಾಮಿನಲ್ಲಿ ಉಳಿಸಲು, ಮುದ್ರಿಸಲು, ಮುಂದಿನ ಗಾಡಿ ತೆಗೆಯಲು ಕೀಬೋರ್ಡಿನ ಮೂರು ಮೂರು ಕೀಲಿಗಳನ್ನು ಒಟ್ಟಿಗೆ ಅದುಮಬೇಕು. ಒಂದು ಕೀಲಿ ಎಡತುದಿ, ಇನ್ನೊಂದು ಬಲತುದಿ. ಇದನ್ನು ಮಾಡಿದ ಪುಣ್ಯಾತ್ಮನಿಗೆ ಎರಡು ಕೈ ಪೂರ್ತಿ ಇದ್ದಿರಬೇಕು. ಹಳೆಯ ಕಂಪ್ಯೂಟರಿನಲ್ಲಿ ಅಕ್ಕ ಇದಕ್ಕೊಂದು ದಾರಿ ಹುಡುಕಿಕೊಂಡಿದ್ದಳು. ಸೆಟ್ಟಿಂಗ್ಸಿನಲ್ಲಿ ಒಂದು ಸೌಲಭ್ಯ ಆನ್ ಮಾಡಿದರೆ ಒಂದು ಕೀಲಿ ಒತ್ತಿ ಬಿಟ್ಟರೂ ಅದು ಅಂಟಿಕೊಂಡ ಹಾಗೆ ಒತ್ತಿಕೊಂಡೇ ಇದೆ ಎಂದು ಯಂತ್ರ ತಿಳಿಯುತ್ತದೆ. ಆಮೇಲೆ ನಿಧಾನಕ್ಕೆ ಎರಡನೆಯದು, ಮೂರನೆಯದು. ಅದರ ಮೇಲೆ ಮುದ್ರಿಸುವ ಆಜ್ಞೆಯನ್ನು ಎಡಗೈ ಬಳಿಯ ಒಂಟಿ ಕೀಲಿಗೆ ಕಟ್ಟಿದ್ದಳು, ಮೌಸಿನ ಬಾಣದ ಗುರುತನ್ನು ದೊಡ್ಡದು ಮಾಡಿದ್ದಳು. ಎಷ್ಟೋ ಸಲ ಕೆಡಿಸಿ, ಎಷ್ಟೋ ಸಲ ಸರಿಮಾಡಿ ಒಗ್ಗಿಸಿಕೊಂಡ ಸಂಸಾರ ಅದು.

ಒಂದು ಭಾನುವಾರ ಅದನ್ನು ಬುಡಸಮೇತ ಕಿತ್ತರು. ಎಲ್ಲ ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರು. ಈ ಸಲ ಎಲ್ಲ ನಮ್ಮ ಭಾಷೆಯಲ್ಲೇ ಇದೆ ಎಂದು ಮ್ಯಾನೇಜರ್ ಬೀಗಿದ್ದೇ ಬೀಗಿದ್ದು.

ಸೋಮವಾರ ಬೆಳಿಗ್ಗೆ ಅಕ್ಕ ಕುರ್ಚಿಯಲ್ಲಿ ಕೂತು ಕೀಲಿ ಒತ್ತಿದರೆ ಏನೂ ಅಂಟುತ್ತಿಲ್ಲ. ಮೊಣಕೈಯಿಂದ ಒಂದು ಕೀಲಿ ಅದುಮಿ, ಎಡಗೈಯಿಂದ ಇನ್ನೆರಡನ್ನು ತಡಕಾಡಿ ಒಂದು ಚೀಟಿ ತೆಗೆಯುವಷ್ಟರಲ್ಲಿ ಹೊರಗೆ ಲಾರಿಗಳ ಸಾಲು ರಸ್ತೆಗೆ ಬಂದಿತ್ತು. ಹಾರನ್ನೋ ಹಾರನ್. ಸೆಟ್ಟಿಂಗ್ಸ್ ತೆರೆದಳು. ಹುಡುಕುತ್ತ ಹೋದ ಹಾಗೆ ಆ ಹಳೆಯ ಸೌಲಭ್ಯ ಸಿಕ್ಕಿತು, ಅದರ ಹೊಸ ಹೆಸರು "ಜಿಗುಟು ಕೀಲಿಗಳು". ಪಕ್ಕದ ಗುಂಡಿ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು, ಒತ್ತಿದರೆ ಅಲ್ಲಾಡಲೊಲ್ಲದು.

ಮ್ಯಾನೇಜರಿಗೆ ಫೋನು ಮಾಡಿದಳು. "ಸಾರ್, ನನ್ನ ಜಿಗುಟು ಕೀಲಿ ಹೋಗಿದೆ. ಕೊಡಿಸಿ."

ಐದು ನಿಮಿಷಕ್ಕೆ ಕಸ ಗುಡಿಸುವಾಕೆ ಸ್ಪಿರಿಟ್ಟು, ಹತ್ತಿ ಹಿಡಿದು ಬಂದಳು. "ಕೀಬೋರ್ಡು ಜಿಗುಟಾಗಿದೆಯಂತೆ, ಒರೆಸ್ಬೇಕಂತೆ." ಒಂದೊಂದೇ ಗುಂಡಿಯನ್ನು ಪಳಪಳ ಹೊಳೆಯಿಸಿ ಹೋದಳು. ಹಿಂದೆಯೇ ಮ್ಯಾನೇಜರ್ ಫೋನು.

"ಜಿಗುಟು ಹೋಯ್ತಾ?"

"ಹೋಗಿದ್ದಕ್ಕೇ ಅಲ್ವಾ ಸಾರ್ ಈ ಗೋಳು! ನಂಗೆ ಜಿಗುಟು ಬೇಕು."

"ಏನಮ್ಮಾ, ತಲೆ ನೆಟ್ಟಗಿದೆಯಾ? ಶನಿವಾರದೊಳಗೆ ಹಳೇ ವೇಗ ಬರ್ಲಿಲ್ಲ ಅಂದ್ರೆ ಆ ಕುರ್ಚಿಗೆ ಬೇರೆಯವರನ್ನ ಕೂರಿಸ್ತೀನಿ. ನೀನು ಗೋಡೌನಲ್ಲಿ ಖಾಲಿ ಚೀಲ ಎಣಿಸ್ಕೊಂಡಿರು."

ಅದೇ ಗೋಡೌನು, ಅದೇ ಹೊಲಿಗೆ ಯಂತ್ರದ ಪಕ್ಕ. ಕೈ ಕಳೆದುಕೊಂಡ ಜಾಗದಲ್ಲೇ ಕೂತು ಚೀಲ ಎಣಿಸಬೇಕು. ಅಕ್ಕ ಫೋನು ಕುಕ್ಕಿದಳು. ಎಡಗೈಯಲ್ಲಿ ಶಿಫ್ಟ್ ಕೀಲಿಯನ್ನು ಸಿಟ್ಟಿನಿಂದ ಪಟಪಟ ಬಡಿದಳು. ಕಂಪ್ಯೂಟರು ಕೀಂ ಎಂದು ಪರದೆಯ ಮೇಲೆ ಒಂದು ಚೌಕ ತೋರಿಸಿತು: "ಈ ಸೌಲಭ್ಯವನ್ನು ನಿಮ್ಮ ನಿರ್ವಾಹಕರು ತಡೆಹಿಡಿದಿದ್ದಾರೆ."

ಅಕ್ಕ ಎರಡು ಸಲ ಓದಿದಳು. ಆಕೆಯ ಗಂಡ ಬಸ್ ಕಂಡಕ್ಟರು. ಅವನ ಅಂಗಿಯ ಮೇಲಿನ ಬಿಲ್ಲೆಯಲ್ಲಿ ನಿರ್ವಾಹಕ ಎಂಬ ಇದೇ ಪದ ಇದೆ. ಫೋನು ಹಚ್ಚಿದಳು.

"ಏನ್ರೀ, ನನ್ನ ಕೀಲಿ ತಡೆದಿರೋದು ನೀವಂತೆ?"

"ನಾನಾ? ನಾನಿಲ್ಲಿ ಬಸ್ಸಲ್ಲಿದೀನಿ ಕಣೇ."

"ನಿಮ್ಮ ನಿರ್ವಾಹಕರು ತಡೆದಿದ್ದಾರೆ ಅಂತ ಕಂಪ್ಯೂಟರೇ ಹೇಳ್ತಿದೆ. ನಂಗಿರೋ ನಿರ್ವಾಹಕ ನೀವೊಬ್ರೇ."

"ನಿನ್ನನ್ನ ತಡೆಯೋ ತಾಕತ್ತಿದ್ದಿದ್ರೆ ಟಿಕೆಟ್ ಯಾಕೆ ಹರೀತಿದ್ದೆ, ಸರ್ಕಸ್ಸಲ್ಲಿ ಹುಲಿ ಪಳಗಿಸ್ತಿದ್ದೆ. ಇಡು ಫೋನು, ಚಿಲ್ಲರೆ ಕೇಳ್ತಿದಾರೆ."

ತಮಾಷೆ ಅಲ್ಲಿಗೆ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಹಾಗಾದರೆ ಈ ನಿರ್ವಾಹಕ ಯಾರು? ಊಟದ ಹೊತ್ತಿನಲ್ಲಿ ಸಿಸ್ಟಮ್ ವಿಭಾಗದ ಬಾಗಿಲು ತಟ್ಟಿದಳು. ಅಲ್ಲಿರುವ ಒಬ್ಬನೇ ಒಬ್ಬ ನೌಕರ, ತಲೆ ನರೆತ ಮನುಷ್ಯ, ಎಲ್ಲರ ಬಾಯಲ್ಲಿ ಸಿಸ್ಟಮಣ್ಣ. ನಿಯತ್ತಿನವನೇ, ಆದರೆ ಅಂಜುಬುರುಕ.

"ನಿರ್ವಾಹಕ ಅಂದ್ರೆ ಅಡ್ಮಿನ್ ಅಕ್ಕಾ, ಕಂಪ್ಯೂಟರ್ ನೋಡ್ಕೊಳ್ಳೋರು. ಪಾಸ್‌ವರ್ಡ್ ನನ್ನ ಹತ್ರಾನೇ ಇದೆ. ಎರಡು ನಿಮಿಷದ ಕೆಲಸ."

"ಮತ್ತೆ ಎದ್ದು ಬಾ!"

"ಯಾರೂ ಸೆಟ್ಟಿಂಗ್ಸ್ ಮುಟ್ಟಬಾರ್ದು ಅಂತ ಆರ್ಡರ್ ಇದೆ. ಯಾರೋ ಪರದೆಯ ಗೋಡೆಚಿತ್ರಕ್ಕೆ ಸಿನಿಮಾ ನಟಿ ಫೋಟೋ ಹಾಕ್ಕೊಂಡಿದ್ರಂತೆ, ಅದಕ್ಕೆ ಎಲ್ಲಾದಕ್ಕೂ ಬೀಗ. ಮ್ಯಾನೇಜರ್ ಬರವಣಿಗೇಲಿ ಕೊಡದೆ ನಾನು ತೆಗೆಯೋ ಹಾಗಿಲ್ಲ."

"ನಟಿ ಹಾಕ್ಕೊಂಡವನ ತಪ್ಪಿಗೆ ನನ್ನ ಕೈ ಕಟ್ಟಿದ್ರಾ?"



ಮಂಗಳವಾರ ಮ್ಯಾನೇಜರ್ ತನ್ನದೇ ಬುದ್ಧಿ ಓಡಿಸಿದ. ವಾಚ್‌ಮನ್ನನ್ನು ತಂದು ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ. ಅಕ್ಕ "ಒತ್ತು" ಎಂದಾಗ ಅವನು ಒತ್ತಬೇಕು, "ಬಿಡು" ಎಂದಾಗ ಬಿಡಬೇಕು. ಮೊದಲನೆಯ ಲಾರಿಗೇ ಅಕ್ಕ "ಬಿಡು" ಎಂದದ್ದನ್ನು ಲಾರಿ ಬಿಡು ಎಂದು ತಿಳಿದು, ಅವನು ಗೇಟು ತೆರೆಯಲು ಎದ್ದು ಓಡಿದ. ಅಕ್ಕ ಕೀಬೋರ್ಡಿನಿಂದ ಕೈ ತೆಗೆದಳು.

"ಎದ್ದು ಹೋಗಣ್ಣ, ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ಕೆಲಸ ಮಾಡೋಕೆ ನಂಗೆ ಇನ್ನೊಬ್ಬರ ಕೈ ಬೇಡ. ನನ್ನ ಕೀಲಿ ನಂಗೆ ಕೊಟ್ರೆ ಸಾಕು."

ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಾದು ಕಾದು ಕುದಿಯುತ್ತಿದ್ದ ಚಾಲಕರಿಗೆ ಏನೂ ಅರಿಯದವಳ ಹಾಗೆ ಕೂಗಿ ಹೇಳಿದಳು. "ಚೀಟಿ ತಡೆದಿರೋದು ನಾನಲ್ಲ, ನಿರ್ವಾಹಕರಂತೆ. ಯಾರು ಅಂತ ನಂಗೂ ಗೊತ್ತಿಲ್ಲ. ಆಫೀಸಲ್ಲಿ ಕೇಳಿ!"

ಕೇಳಿದರು. ಎಣ್ಣೆ ಕೈ, ಧೂಳು ಕಾಲಿನ ಚಾಲಕರು ಹಿಂಡುಹಿಂಡಾಗಿ ಮ್ಯಾನೇಜರನ ಕೋಣೆಗೆ ನುಗ್ಗಿ, "ಯಾರ್ರೀ ಇಲ್ಲಿ ನಿರ್ವಾಹಕ? ಹೊರಗೆ ಬರ‍್ಲಿ!" ಎಂದು ಮೇಜು ತಟ್ಟಿದರು. ನಾನಲ್ಲ, ನಾನಲ್ಲ ಎಂದು ಮ್ಯಾನೇಜರ್ ಬೆವರು ಒರೆಸಿಕೊಂಡ. ಕೊನೆಗೆ ಸಿಕ್ಕ ಕಾಗದದ ಮೇಲೆ ಬೀಗ ತೆಗೆಯಲು ನಾಲ್ಕಕ್ಷರ ಗೀಚಿ ಸಿಸ್ಟಮಣ್ಣನನ್ನು ಓಡಿಸಿದ.

ಸಿಸ್ಟಮಣ್ಣ ಅಕ್ಕನ ಕಂಪ್ಯೂಟರಿನ ಮುಂದೆ ಬಗ್ಗಿ ಪಾಸ್‌ವರ್ಡ್ ಹಾಕತೊಡಗಿದ. ಅಕ್ಕ ಕೈ ಅಡ್ಡ ಹಿಡಿದಳು.

"ಅಕೌಂಟ್ಸಿನ ಗುಮಾಸ್ತರ ಕಂಪ್ಯೂಟರು?"

ಆ ಗುಮಾಸ್ತರಿಗೆ ಕಣ್ಣು ಮಂಜು. ದೊಡ್ಡ ಅಕ್ಷರ ಮಾಡಿಕೊಂಡು ಓದುತ್ತಿದ್ದವರು ಸೋಮವಾರದಿಂದ ಪರದೆಗೆ ಮೂಗು ತಾಗಿಸಿ ಕೂತಿದ್ದರು. ಬಾಯಿ ಬಿಟ್ಟರೆ ನೌಕರಿ ಹೋದೀತೆಂಬ ಹೆದರಿಕೆ.

"ಆರ್ಡರ್ ನಿಮ್ಮೊಬ್ಬರಿಗೇ ಅಕ್ಕಾ."

"ಹಾಗಾದ್ರೆ ನಂದೂ ಬೇಡ. ಹೋಗಿ ಹೇಳು."

"ಕುರ್ಚಿ ಹೋಗುತ್ತೆ ಅಕ್ಕಾ! ಸಿಕ್ಕಿದ್ದನ್ನ ತಗೊಳ್ಳಿ."

"ಸಿಕ್ಕಿದ್ದನ್ನ ತಗೊಂಡು ಕೂತಿದ್ರೆ ಈ ಕುರ್ಚಿನೂ ಸಿಗ್ತಿರ್ಲಿಲ್ಲ ಕಣಪ್ಪ."

ಹೊರಗೆ ಹಾರನ್ ಮತ್ತೆ ಶುರುವಾಯಿತು. ಸಿಸ್ಟಮಣ್ಣ ಕಾಗದ ಹಿಡಿದು ಮ್ಯಾನೇಜರನ ಕೋಣೆಗೆ ವಾಪಸು ಹೋದ. ಹೋದವನು ವಾಪಸು ಬಂದಾಗ ಕಾಗದದಲ್ಲಿ "ಎಲ್ಲ ಕಂಪ್ಯೂಟರುಗಳಿಗೂ" ಎಂದು ಸೇರಿತ್ತು. ಸೇರಿಸಿದ್ದು ತಾನೇ, ಮ್ಯಾನೇಜರ್ ಓದದೆ ಸಹಿ ಹಾಕಿದ ಎಂದು ಪಿಸುಗುಟ್ಟಿದ. ಗಡಿಬಿಡಿಯಲ್ಲಿ ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು.

ಆ ಮಧ್ಯಾಹ್ನ ಅಕ್ಕ ತನ್ನ ಸಂಸಾರ ಮತ್ತೆ ಕಟ್ಟಿದಳು. ಜಿಗುಟು ಕೀಲಿ ಆನ್. ಮುದ್ರಿಸುವ ಆಜ್ಞೆ ಎಡಗೈ ಬದಿಗೆ. ಹೊಸ ಸಿಸ್ಟಮ್ ಒಂದೊಂದು ಕೀಲಿಗೂ ಕೀಂ ಕೀಂ ಎನ್ನುತ್ತಿತ್ತು, ಅದರ ಬಾಯಿ ಕಟ್ಟಿದಳು. ನಡುವೆ ಕಂಟ್ರೋಲ್ ಕೀಲಿ ಅಂಟಿಯೇ ಉಳಿದು, ಗಾಡಿ ನಂಬರು ಹೊಡೆಯಹೋದರೆ ಖಾಲಿ ಚೀಟಿಗಳು ಸರಸರ ಹೊರಬಿದ್ದವು. ಬೈದುಕೊಂಡು, ಹುಡುಕಿ, ಬಿಡಿಸಿದಳು. ಗುರುವಾರದ ಹೊತ್ತಿಗೆ ಲಾರಿ ಸಾಲು ಗೇಟಿನೊಳಗೆ ಬಂತು. ಶನಿವಾರ ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ. ಅಕೌಂಟ್ಸಿನ ಗುಮಾಸ್ತರು ಥ್ಯಾಂಕ್ಸ್ ಹೇಳಲು ಬಂದಾಗ ಅಕ್ಕ ಎಂದಳಂತೆ, "ಮುಂದಿನ ಸಲ ನೀವೂ ಸ್ವಲ್ಪ ಕೂಗಿ ಸ್ವಾಮಿ. ಕಣ್ಣು ಮಂಜು, ಗಂಟಲಲ್ಲ."

ಇದು ಒಂದು ಕಟ್ಟಡದ ಕತೆ. ಇದೇ ಕಂಪನಿಯ ಬೇರೆ ಕಡೆಗಳಲ್ಲಿ ಬೀಗ ಹಾಗೇ ಇದೆ. ನಿಮ್ಮ ಕಚೇರಿಯಲ್ಲೂ ಇರಬಹುದು. ಓದುತ್ತಿರುವ ನಿಮ್ಮ ಹತ್ತಿರ ಆ ಪಾಸ್‌ವರ್ಡ್ ಇದ್ದರೆ ನಾಳೆ ಬೆಳಿಗ್ಗೆ ಹೋಗಿ ತೆರೆಯಿರಿ, ಆರ್ಡರ್ ಕಾಯಬೇಡಿ. ಇಲ್ಲದಿದ್ದರೆ ಪಕ್ಕದ ಮೇಜಿನವರ ಹತ್ತಿರ ಹೋಗಿ, ಅವರಿಂದ ಏನು ಕಿತ್ತುಕೊಂಡಿದ್ದಾರೆ ಎಂದು ಕೇಳಿ, ಅವರ ಜೊತೆ ಬೀಗ ಹಾಕಿದವರ ಬಾಗಿಲಿಗೆ ಹೋಗಿ ಅದನ್ನು ವಾಪಸು ಪಡೆಯಿರಿ. ಪಡೆಯುವವರೆಗೆ ಅಲ್ಲಿಂದ ಕದಲಬೇಡಿ.