ರಸ್ತೆಯಾಚೆ ಪಾಯಖಾನೆ ಇದ್ದ ಮನೆ

ಆ ತೋಟದ ಮನೆ ಮಾರಾಟಕ್ಕಿದೆ ಎಂಬ ಸುದ್ದಿ ತಂದವಳು ನನ್ನ ಹೆಂಡತಿ. ಮೈಸೂರಿನವಳು, ಇಲ್ಲಿ ಕಾಶಿಯ ಆಸ್ಪತ್ರೆಯೊಂದರಲ್ಲಿ ವೈದ್ಯೆ. ರೋಗಿಯೊಬ್ಬರ ಮಗ ಹೇಳಿದ್ದನಂತೆ: ಪಂಚಕ್ರೋಶಿ ರಸ್ತೆಯ ಮೇಲೆ, ಭೀಮಚಂಡಿಗೂ ರಾಮೇಶ್ವರಕ್ಕೂ ನಡುವೆ, ಮುತ್ತಜ್ಜ ಕಟ್ಟಿಸಿದ ಮನೆ, ಸುತ್ತ ಮಾವು, ಪೇರಲ, ಸಿಹಿನೀರಿನ ಬಾವಿ, ಆದರೆ ಕೊಳ್ಳುವವರೇ ಇಲ್ಲ. ಯಾಕಿಲ್ಲ ಎಂದು ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ನಮಗೆ ಮನೆ ಬೇಕಾಗಿದ್ದದ್ದು ಅತ್ಯಾನ ಕಾಲಿಗಾಗಿ. ಅತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅಪ್ಪನ ಜೊತೆ ಧಾರವಾಡದ ಕಡೆಯಿಂದ ಬಂದು ಕೇದಾರ ಘಾಟಿನ ಓಣಿಯಲ್ಲಿ ನೆಲೆನಿಂತವಳು. ನಾನು ಹುಟ್ಟಿದ್ದು ಅದೇ ಓಣಿಯಲ್ಲಿ. ಶಾಲೆಯಲ್ಲಿ ಹಿಂದಿ, ಬೀದಿಯಲ್ಲಿ ಭೋಜಪುರಿ. ಕನ್ನಡ ಮಾತ್ರ ಅತ್ಯಾನಿಂದ ಮತ್ತು ಅವಳ ಜೊತೆ ಮಧ್ಯಾಹ್ನ ಬತ್ತಿ ಹೊಸೆಯುತ್ತ ಕೂರುತ್ತಿದ್ದ ಮುದುಕಿಯರಿಂದ ಬಂದದ್ದು. ನಾನು ಕನ್ನಡ ಮಾತಾಡಿದರೆ ಕಣ್ಣು ಮುಚ್ಚಿ ಕೇಳಿದವರು ಯಾರೋ ಅಜ್ಜಿ ಅಂದುಕೊಳ್ಳುತ್ತಾರೆ ಎಂದು ಹೆಂಡತಿ ಇವತ್ತಿಗೂ ನಗುತ್ತಾಳೆ.

ನಾವಿದ್ದದ್ದು ಮೇಲಿನ ಅಂತಸ್ತಿನಲ್ಲಿ, ಮೆಟ್ಟಿಲೋ ಏಣಿಯಷ್ಟು ಕಡಿದು. ಮಂಡಿ ಹಿಡಿದುಕೊಂಡ ಮೇಲೆ ಅತ್ಯಾ ಇಳಿಯುವುದನ್ನೇ ಬಿಟ್ಟಳು. ಗಂಗೆಯೂ ಇಲ್ಲ, ಕೇದಾರನೂ ಇಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಹೆಂಗಸು ಎಣ್ಣೆ ಡಬ್ಬಿಯಲ್ಲಿ ನೆಟ್ಟ ತುಳಸಿಯ ಬುಡವನ್ನು ಬೆರಳಿನಿಂದ ಕೆದಕುತ್ತ ಹೊತ್ತು ಕಳೆಯುತ್ತಿದ್ದಳು. ಅದನ್ನು ನೋಡಲಾಗದೆ ನಾವು ನೆಲಮಟ್ಟದ ಮನೆ ಹುಡುಕತೊಡಗಿದೆವು.

ಆದರೆ ಕಾಲು ಸೋತ ಮೇಲೆ ಅತ್ಯಾ ಮಾಡಿಕೊಂಡ ಸಂಕಲ್ಪವೊಂದಿತ್ತು: ಉಸಿರಿರುವ ತನಕ ಕಾಶಿಯ ಎಲ್ಲೆ ದಾಟುವುದಿಲ್ಲ. ಎಲ್ಲೆ ಎಂದರೆ ಈ ಪಂಚಕ್ರೋಶಿ ರಸ್ತೆಯೇ. ಇಡೀ ಕಾಶಿಗೆ ಪ್ರದಕ್ಷಿಣೆ ಹಾಕುವ ಯಾತ್ರಿಕರು ನಡೆಯುವ ದಾರಿ ಅದು. ಅದರ ಒಳಗೆ ಸತ್ತರೆ ಮುಕ್ತಿ, ಹೊರಗೆ ಸತ್ತರೆ ಎಲ್ಲರ ಹಾಗೆ. ಹಿಂದೊಮ್ಮೆ ಹೊಳೆಯಾಚೆಯ ರಾಮನಗರದಲ್ಲಿ ಒಳ್ಳೆಯ ಮನೆ ಸಿಕ್ಕಿದ್ದಾಗ ಅವಳ ಮುಂದೆ ನಾವು ಬಾಯಿಯೇ ಬಿಟ್ಟಿರಲಿಲ್ಲ. ಅವಳನ್ನು ಬಿಟ್ಟು ನಾವು ಹೋಗುವ ಮಾತಂತೂ ಇರಲಿಲ್ಲ.

ಒಂದು ಭಾನುವಾರ ಕಂಟೋನ್ಮೆಂಟಿನಿಂದ ಆಟೊ ಮಾಡಿಕೊಂಡು, ರಾಮೇಶ್ವರ ದಾಟಿ, ಆ ಮನೆಗೆ ಹೋದೆವು. ಹೆಂಚಿನ ಮಾಡು, ದಪ್ಪ ಗೋಡೆ, ಮುಂದೆ ಕಮಾನುಗಳ ಪಡಸಾಲೆ. ಹಿಂದುಗಡೆ ತೋಟ, ತೋಟ ಮುಗಿದಲ್ಲಿಂದ ಬಟಾಣಿ, ಸಾಸಿವೆ, ಗೋಧಿ, ಕಣ್ಣು ಸೋಲುವವರೆಗೆ. ಹೆಂಡತಿ ಚಪ್ಪಲಿ ಬಿಟ್ಟು ಮಾವಿನ ನೆರಳಲ್ಲಿ ಸುಮ್ಮನೆ ಓಡಾಡಿದಳು. ಮನೆಯ ಯಜಮಾನರು ಎಲ್ಲ ತೋರಿಸಿದ ಮೇಲೆ, ಪಾಯಖಾನೆ ಎಲ್ಲಿ ಎಂದು ಅವಳು ಕೇಳಿದಳು. ಅವರು ಸ್ವಲ್ಪ ಸಂಕೋಚದಿಂದ ರಸ್ತೆಯಾಚೆ ಒಂಟಿಯಾಗಿ ನಿಂತ ಇಟ್ಟಿಗೆಯ ಗೂಡೊಂದನ್ನು ತೋರಿಸಿದರು. ಮುತ್ತಜ್ಜನ ಕಾಲದಿಂದ ಅದು ಅಲ್ಲೇ, ಯಾಕೋ ತಮಗೂ ತಿಳಿಯದು ಎಂದರು. ಕೊಳ್ಳುವವರು ಯಾಕಿಲ್ಲ ಎಂಬುದು ನಮಗಾಗ ತಿಳಿಯಿತು.

ಮನೆಗೆ ಬಂದು ಅತ್ಯಾಗೆ ಮಾವು, ಬಾವಿ, ಸಾಸಿವೆ ಎಲ್ಲ ವರ್ಣಿಸಿದೆವು. ಅವಳು ಕೇಳಿದ್ದು ಒಂದೇ.

“ರಸ್ತೇದ ಯಾವ ಕಡೆ ಅದ?”

ಎಡಗಡೆ ಎಂದೆವು, ಇಬ್ಬರೂ ಒಟ್ಟಿಗೆ.

“ಹಂಗಾರ ಅದು ಕಾಶಿ ಅಲ್ಲ,” ಎಂದು ತುಳಸಿಯ ಕಡೆ ತಿರುಗಿಬಿಟ್ಟಳು.

ಪ್ರದಕ್ಷಿಣೆ ಹಾಕುವವರಿಗೆ ಕಾಶಿ ಯಾವಾಗಲೂ ಬಲಗಡೆ. ವಾದಕ್ಕೆ ಎಡೆಯೇ ಇರಲಿಲ್ಲ. ಮನೆಯ ಮಾತು ಅಲ್ಲಿಗೇ ನಿಂತಿತು. ಮಾವಿನ ನೆರಳು ಮಾತ್ರ ಹೆಂಡತಿಯ ತಲೆಯಿಂದ ಇಳಿಯಲಿಲ್ಲ. ಕೆಲವು ದಿನ ಕಳೆದ ಮೇಲೆ, ಊಟಕ್ಕೆ ಕೂತಾಗ, ಸಿಗದ ಮನೆಯ ಆಸೆ ಬಿಡಿಸಿಕೊಳ್ಳಲೆಂದೋ ಏನೋ, ಅದರ ಹುಳುಕುಗಳನ್ನೆಲ್ಲ ತೆಗೆದಳು. ಗಾರೆ ಉದುರಿದೆ, ಫೋನು ಹತ್ತುವುದಿಲ್ಲ, ಮಳೆಗಾಲದಲ್ಲಿ ಹಾವು ಇರಬಹುದು.

“ಅದೆಲ್ಲ ಹೋಗ್ಲಿ ಅತ್ಯಾ. ಪಾಯಖಾನೆ ರಸ್ತೆ ಆಚೆ ಇದೆ. ಕೈಯಲ್ಲಿ ತಂಬಿಗೆ ಹಿಡ್ಕೊಂಡು, ಲಾರಿ ಬಂತಾ ನೋಡ್ಕೊಂಡು ಹೋಗ್ಬೇಕು.”

ನಾನು ನಕ್ಕೆ. ಅತ್ಯಾ ನಗಲಿಲ್ಲ. ಅವಳ ಕೈಯಲ್ಲಿದ್ದ ಚಪಾತಿಯ ತುತ್ತು ಹಾಗೇ ನಿಂತಿತು.

“ಮನೀಗೂ ಅದಕ್ಕೂ ನಡುವ ರಸ್ತೆ ಅದ? ನೀವು ಯಾವ ಕಡಿಂದ ಹೋದ್ರಿ?”

ರಾಮೇಶ್ವರದ ಕಡೆಯಿಂದ ಎಂದೆ. ಅವಳು ತುತ್ತನ್ನು ತಟ್ಟೆಗೆ ಹಾಕಿ, ನಾಳೆ ನನ್ನನ್ನು ಕರೆದುಕೊಂಡು ಹೋಗಿ ಎಂದಳು.

ಮಾರನೆಯ ದಿನ ಪರಿಚಯದ ದೋಣಿಯವರಿಬ್ಬರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ಆಟೊದಲ್ಲಿ ದಾರಿಯುದ್ದಕ್ಕೂ ಹೇಳುತ್ತ ಬಂದಳು. ಕಾಲು ಗಟ್ಟಿ ಇದ್ದಾಗ ಅವಳು ಆ ದಾರಿಯನ್ನು ಎಷ್ಟೋ ಸಲ ಬರಿಗಾಲಲ್ಲಿ ನಡೆದಿದ್ದಳಂತೆ. ಗುಡಿಗಳೆಲ್ಲ ಬಲಕ್ಕೆ, ತಂಗುವ ಧರ್ಮಶಾಲೆಗಳು ಎಡಕ್ಕೆ. ಉಗುಳುವುದಿದ್ದರೂ ಎಡಕ್ಕೇ ತಿರುಗಬೇಕು. ಬಲಕ್ಕಿರುವುದು ಕಾಶಿಯ ಮಣ್ಣು. ನಡೆಯುವವರು ಅದನ್ನು ಹೊಲಸು ಮಾಡುವಂತಿಲ್ಲ.

ಮನೆ ಬಂತು. ನಮ್ಮ ಎಡಕ್ಕೇ. ಅತ್ಯಾ ನನ್ನ ಹೆಂಡತಿಯ ಹೆಗಲು ಹಿಡಿದು ಇಳಿದಳು. ಇಳಿದವಳು ಮನೆಯ ಕಡೆ ನೋಡಲೇ ಇಲ್ಲ. ರಸ್ತೆಯ ನಟ್ಟನಡುವೆ ನಿಂತು, ನಾವು ಬಂದ ದಿಕ್ಕಿಗೆ, ಯಾತ್ರಿಕರು ಹೋಗುವ ದಿಕ್ಕಿಗೆ, ಮೆಲ್ಲಗೆ ತಿರುಗಿದಳು. ಆಮೇಲೆ ಬಲಗೈ ಚಾಚಿದಳು. ಕೈಯ ತುದಿಗೆ ಕಮಾನುಗಳ ಪಡಸಾಲೆ ಇತ್ತು.

“ನೀವು ಉಲ್ಟಾ ಬಂದೀರಿ,” ಎಂದಳು. “ಕಟ್ಟಿಸಿದಾಂವಗ ಗೊತ್ತಿತ್ತು.”

ಪಡಸಾಲೆಯಿಂದ ಇದನ್ನೆಲ್ಲ ನೋಡುತ್ತಿದ್ದ ಯಜಮಾನರಿಗೆ, ಮನೆ ಇರುವುದು ಕಾಶಿಯೊಳಗೆ, ಅದಕ್ಕೇ ಮುತ್ತಜ್ಜ ಪಾಯಖಾನೆಯನ್ನು ಎಲ್ಲೆಯ ಹೊರಗೆ ಕಟ್ಟಿಸಿದ್ದು ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವರು ಆ ಇಟ್ಟಿಗೆಯ ಗೂಡಿನ ಕಡೆ ತಿರುಗಿದರು. ಚಿಕ್ಕಂದಿನಿಂದ ಮುತ್ತಜ್ಜನನ್ನು ಬೈದುಕೊಂಡೇ ರಸ್ತೆ ದಾಟಿದ್ದೆ ಎಂದರು.

ಅತ್ಯಾ ಆಗಲೇ ತೋಟ ಸೇರಿದ್ದಳು. ಬಾವಿಯ ಬಳಿ ಕೂತು ಒಂದು ಮಣ್ಣಿನ ಹೆಂಟೆ ಎತ್ತಿ ಪುಡಿಮಾಡಿ ಮೂಸಿ ನೋಡುತ್ತಿದ್ದಳು. ಹೆಂಡತಿ ಅವಳ ಪಕ್ಕ ಕುಳಿತು ಅಳುಕುತ್ತಲೇ ಮಾತು ತೆಗೆದಳು. ಪಾಯಖಾನೆಗೆಂದು ರಸ್ತೆಯಾಚೆ ಹೋದರೆ ಅತ್ಯಾ ಕಾಶಿ ಬಿಟ್ಟ ಹಾಗೆ. ಈಚೆ ಕಟ್ಟಿಸಿದರೆ ಮೈಲಿಗೆ. ಏನು ಮಾಡುವುದು?

“ಇಷ್ಟು ವರ್ಷ ಕೇದಾರ ಘಾಟಿನ್ಯಾಗ ಎಲ್ಲಿ ಹೋಗತಿದ್ದೆ? ಮನಿ ಒಳಗ ಕಟ್ಟಸ್ರಿ. ವಿಶ್ವನಾಥಗ ನನ್ನ ಮಂಡಿ ಗೊತ್ತದ.”

ನಾವು ಆ ಮನೆ ಕೊಂಡೆವು. ಒಳಗೆ ಕಟ್ಟಿಸಿದೆವು. ರಸ್ತೆಯಾಚೆಯದನ್ನು ಕೆಡವೋಣ ಎಂದರೆ ಅತ್ಯಾ ಒಪ್ಪಲಿಲ್ಲ. ಬಾಗಿಲು, ನಲ್ಲಿ ಹಾಕಿಸಿ ಯಾತ್ರಿಕರಿಗೆ ಬಿಡಿಸಿದಳು. ನಡೆಯುವ ಹೆಂಗಸರ ಕಷ್ಟ ನಡೆದವರಿಗೇ ಗೊತ್ತು ಎಂದಳು.

ಈಗ ಬೆಳಿಗ್ಗೆ ಎದ್ದರೆ ಅವಳು ಮೆಂತ್ಯದ ಮಡಿಯಲ್ಲೇ ಇರುತ್ತಾಳೆ. ಯಾತ್ರೆಯ ಕಾಲದಲ್ಲಿ ಗುಂಪು ಕಂಡರೆ ಕೋಲೂರಿಕೊಂಡು ಗೇಟಿಗೆ ಬರುತ್ತಾಳೆ. ಯಾರಾದರೂ ನಮ್ಮ ಪೇರಲದ ಮರೆಗೆ ಕಣ್ಣು ಹಾಕಿದರೋ, ಧಾರವಾಡದ ಧಾಟಿಯ ಹಿಂದಿಯಲ್ಲಿ “ಉಧರ್ ಜಾವ್ರೀ, ಉಧರ್” ಎಂದು ಕೂಗುತ್ತಾಳೆ. ಕಾಲು ರಸ್ತೆಯ ಈಚೆಯ ಅಂಚಿಗೇ ನಿಲ್ಲುತ್ತದೆ. ಕೋಲು ಮಾತ್ರ ಎಷ್ಟಾಗುತ್ತದೋ ಅಷ್ಟು ಆಚೆಗೆ ಚಾಚಿರುತ್ತದೆ.