ಅಕ್ಕನ ತುಟಿಯ ಬಣ್ಣ

ಆಗೆಲ್ಲ ತಮಿಳುನಾಡಿನ ಗಡಿಯ ನಮ್ಮ ಉದ್ದನಪಲ್ಲಿಯಲ್ಲಿ ಅವರೆಕಾಯಿ ಕಾಲ ಬಂತೆಂದರೆ ಮನೆಯೊಳಗೂ ಅದರ ಸೊಗಡು, ಬೆರಳಲ್ಲೂ ಸೊಗಡು, ನನ್ನ ತಮಿಳು ಪುಸ್ತಕದ ಹಾಳೆಯಲ್ಲೂ ಅದೇ ಸೊಗಡು. ನಾನಾಗ ನಾಲ್ಕನೇ ಕ್ಲಾಸು. ಕೂತಲ್ಲಿ ಕೂರುವ ಮಗುವಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಬೈಸಿಕೊಳ್ಳುತ್ತಲೇ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಆ ವರ್ಷ ಅಂಥದ್ದೇ ಚಕ್ರ ನಮ್ಮಜ್ಜಿಯ ಕಾಲಿಗೂ ಬಂತು.

ಅಜ್ಜಿಗೆ ಮರೆವು ಹತ್ತಿತ್ತು. ಸಂಜೆಯಾದರೆ ಒಳಗೂ ಹೊರಗೂ ಒಂದೇ ಸಮ ಓಡಾಟ. ರಾಯಕೋಟೆ ಬಸ್ಸಿನ ಹಾರನ್ ಕೇಳಿದರೆ ಸಾಕು, ರಸ್ತೆಗೆ ಹೊರಟುಬಿಡುತ್ತಿದ್ದಳು.

"ನಮ್ಮಕ್ಕ ಬತ್ತಾಳೆ. ಅವಳು ಬಂದ್ಮೇಲೇ ನಾನು ಉಣ್ಣೋದು."

ಆ ಅಕ್ಕ ರಾಯಕೋಟೆಗೆ ಮದುವೆಯಾಗಿ ಹೋಗಿ, ನಮ್ಮಪ್ಪ ಹುಟ್ಟುವ ಮೊದಲೇ ತೀರಿಕೊಂಡಿದ್ದವಳು. ಹಾಗೆಂದು ಹೇಳಿದರೆ ಅಜ್ಜಿ ಆಗಷ್ಟೇ ಸುದ್ದಿ ಕೇಳಿದವಳಂತೆ ಅಳುತ್ತಿದ್ದಳು. ಅದಕ್ಕೇ ಯಾರೂ ಹೇಳುತ್ತಿರಲಿಲ್ಲ. ತಟ್ಟೆಯ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು. ಅಜ್ಜಿ ಸೊರಗಿ ಕಡ್ಡಿಯಾದಳು. ಹೀಗೇ ಕಾಯುತ್ತ ಸತ್ತೇ ಹೋಗುತ್ತಾಳೇನೋ ಎಂದು ನನಗೆ ಭಯ.

ಉಪಾಯ ಮಂಜುಳಕ್ಕನದು, ದೊಡ್ಡಪ್ಪನ ಮಗಳು. ವ್ಯಾನಿನಲ್ಲಿ ಹೊಸೂರಿನ ಕಂಪನಿಗೆ ಹೋಗಿಬರುತ್ತಿದ್ದ ಅವಳ ಹತ್ತಿರ ಪೌಡರು, ಕಾಡಿಗೆ, ಲಿಪ್‌ಸ್ಟಿಕ್ಕು ಎಲ್ಲ ಇತ್ತು. ಗೋಡೆಯ ಮೇಲೆ ಅಜ್ಜಿಯ ಅಕ್ಕನ ಮದುವೆ ಕಾಲದ ಫೋಟೋ ಇತ್ತು, ಕೃಷ್ಣಗಿರಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಕಿವಿ ಮುಚ್ಚುವಂತೆ ಬಾಚಿದ ಕೂದಲು, ಕಣ್ಣಿನಾಚೆಗೂ ಎಳೆದ ಕಾಡಿಗೆ, ಕಾಸಗಲ ಬೊಟ್ಟು.

"ನಿನ್ನನ್ನೇ ಆ ಅಕ್ಕನ್ನ ಮಾಡ್ಬಿಡ್ತೀನಿ. ಅಲ್ಲಾಡ್ದೆ ಕುಂತ್ಕೊ."

"ಲಿಪ್‌ಸ್ಟಿಕ್ ಹಾಕಕ್ಕಾ."

"ಫೋಟೋದಾಗೆ ತುಟಿ ಕಪ್ಪಗೈತಲ್ಲೇ! ಹೆಂಗೈತೋ ಹಂಗೇ ಇರ್ಬೇಕು."

ಕಂಪನಿಗೆ ಹೋಗುವ ಜಾಣೆಗೂ ಅದು ಕಪ್ಪು ಬಿಳುಪಿನ ಫೋಟೋ ಎಂಬುದು ಹೊಳೆಯಲಿಲ್ಲ. ಕಾಡಿಗೆಯಲ್ಲೇ ತುಟಿ, ಕಾಡಿಗೆಯಲ್ಲೇ ಬೊಟ್ಟು, ಮುಖಕ್ಕೆ ಬೆಳ್ಳಗೆ ಪೌಡರು. ಬಸ್ಸಿನ ಹೊತ್ತಿಗೆ ಅಜ್ಜಿ ಬಾಗಿಲು ದಾಟುವಾಗ ನಾನು ಅಡ್ಡ ನಿಂತು "ಅಕ್ಕ ಬಂದೆ" ಅಂದೆ.

ಅಜ್ಜಿ ಬಗ್ಗಿ ನೋಡಿದಳು.

"ಯಾವಳೇ ಇವ್ಳು, ಮಸಿ ಮೂತಿ?"

ನನಗೆ ಅಳುವೇ ಬಂತು. ಅಜ್ಜಿ ಮಾತ್ರ ರಸ್ತೆಗೆ ಹೋಗಲಿಲ್ಲ. ನನ್ನ ರಟ್ಟೆ ಹಿಡಿದು ಒಳಕ್ಕೆಳೆದಳು.

"ಮದ್ವೆ ಹೆಣ್ಣಿಗೆ ಹಿಂಗಾ ಮಾಡೋದು? ನಮ್ಮಕ್ಕ ಹಿಂಗಿದ್ಳಾ?"

ಸೆರಗಿಗೆ ಹರಳೆಣ್ಣೆ ಸವರಿ ಮಸಿ ಒರೆಸಿದಳು. ಮೊಣಕಾಲ ನಡುವೆ ಕೂರಿಸಿಕೊಂಡು ಬೈತಲೆ ತೆಗೆದಳು. ಹಣೆಗೆ ಜೇನುಮೇಣ ತೀಡಿ ಅದರ ಮೇಲೆ ಕುಂಕುಮ ಒತ್ತಿದಳು. ಆಮೇಲೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ನನ್ನ ಬಾಯಿಗೆ ತುರುಕಿದಳು.

"ಜಗಿ. ನುಂಗ್ಬೇಡ. ಅಕ್ಕನ ತುಟಿ ಹಿಂಗೇ ಕೆಂಪಾಗ್ತಿದ್ದಿದ್ದು."

ನಾಲಿಗೆ ಚುರುಗುಟ್ಟಿತು. ಕಾಲು ಜೋಮು ಹಿಡಿಯಿತು. ಆದರೂ ಏಳಲಿಲ್ಲ, ಯಾಕೆಂದರೆ ರಾಯಕೋಟೆ ಬಸ್ಸು ಹಾರನ್ ಹೊಡೆದುಕೊಂಡು ಬಂದು, ನಿಂತು, ಹೋಯಿತು. ಅಜ್ಜಿ ಕತ್ತು ತಿರುಗಿಸಲಿಲ್ಲ.

ಅಮ್ಮ ತಟ್ಟೆ ಹಿಡಿದು ಹೆದರುತ್ತಲೇ ಬಂದಳು. "ಅತ್ತೆ, ಒಂದು ತುತ್ತು..."

"ಇಬ್ರಿಗೂ ಇಕ್ಕಮ್ಮ. ನಮ್ಮಕ್ಕ ಬಂದವ್ಳೆ."

ಒಂದೇ ತಟ್ಟೆಯಲ್ಲಿ ಉಂಡೆವು. ಅವರೆಕಾಳಿನ ಸಾರು ಅಜ್ಜಿಯ ಮೊಣಕೈವರೆಗೆ ಸೋರುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ನಿಂತು ಅತ್ತಳು, ನನಗೆ ಹೆಮ್ಮೆಯೋ ಹೆಮ್ಮೆ.

ಮರುದಿನ ಸಂಜೆ ಮತ್ತೆ ಅದೇ ಓಡಾಟ, ಮತ್ತೆ ನಾನು ಕೂರುವುದು. ಕನ್ನಡಿ ನೋಡಿಕೊಳ್ಳಲು ಏಳಹೋದರೆ ಕೈ ಹಿಡಿದೆಳೆದು ಕೂರಿಸುತ್ತಿದ್ದಳು. ಉಂಡಾದ ಮೇಲೆ ತಾನೇ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು. ಅವರೆಕಾಯಿ ಮುಗಿಯುತ್ತ ಬಂದಂತೆ ಅವಳ ಕೈಗಳಿಗೂ ಮರೆವು ಬಂತು. ಮೊದಲು ಮೇಣ ಮರೆತಳು, ಆಮೇಲೆ ಬೈತಲೆ. ಎಲೆಗೆ ಸುಣ್ಣ ಹಚ್ಚುವುದು ಕೊನೆಗೆ ಹೋಯಿತು. ಅದಾದ ಮೇಲೆ ಅವಳು ಯಾರನ್ನೂ ಕಾಯಲಿಲ್ಲ, ನನ್ನನ್ನೂ ಗುರುತಿಸಲಿಲ್ಲ.

ಮೊನ್ನೆ ಮಂಜುಳಕ್ಕ ಆ ಫೋಟೋಗೆ ಫೋನಿನಲ್ಲೇ ಬಣ್ಣ ಹಾಕಿಸಿ ಕಳಿಸಿದ್ದಳು. ತುಟಿ ಗುಲಾಬಿ.

"ಆ ಬಣ್ಣ ಅಲ್ಲಕ್ಕ" ಅಂದೆ.

"ಮತ್ತೆ ಯಾವ್ದೇ?"

ಹೇಳಲು ಬಾಯಿ ತೆರೆದೆ, ಗೊತ್ತಾಗಲಿಲ್ಲ. ಒಂದು ಅವರೆಕಾಯಿ ಕಾಲವಿಡೀ ಆ ಕೆಂಪು ನನ್ನ ತುಟಿಯ ಮೇಲೇ ಇತ್ತು. ನೋಡಿದ್ದವಳು ಅಜ್ಜಿ.